ಹಿತ್ತಲ ಕಡೆಯ ಕಿಟಕಿ

ಕೂಡ್ಲಿಗಿ
೧೪-೩-೧೯೮೧

ಕಟ್ಟಡದ ಮಾಲೀಕರಾದ ಶ್ರೀ ಗುರುಶಾಂತಪ್ಪನವರಿಗೆ, ಹೆಣ್ಣುಮಕ್ಕಳ ಹಾಸ್ಟೆಲಿನ ಮೇಲ್ವಿಚಾರಕಿ ಹಂಪಮ್ಮ ಮಾಡುವ ನಮಸ್ಕಾರಗಳು.

ಮಕ್ಕಳಿಗೆ ದಡಾರ ಬಂದಿದೆ. ಹನ್ನೊಂದು ಮಂದಿ ಮಲಗುತ್ತಿದ್ದ ಕೋಣೆಯಲ್ಲಿ ಆರು ಮಂದಿಗೆ ಹತ್ತಿತು. ನರ್ಸಮ್ಮ ಬಂದು ನೋಡಿ, "ಇದು ಉಸಿರಿನಿಂದ ಹರಡತೈತಿ. ಗಾಳಿ ಆಡಂಗ ಕಿಟಕಿ ತಗೀರಿ" ಎಂದರು. ಇರುವ ಒಂದೇ ಕಿಟಕಿಗೆ ನೀವು ಮೊಳೆ ಹೊಡೆಸಿದ್ದೀರೆಂದು ನಾನು ಹೇಳಲಿಲ್ಲ.

ನಮ್ಮ ಕೇರಿಯ ಮಕ್ಕಳ ಉಸಿರು ಹಿತ್ತಲ ಬಾವಿಯ ಕಡೆ ಬರಬಾರದೆಂದು ನಿಮ್ಮ ತಾಯಿಯವರು ಹೇಳಿದ್ದು ನೆನಪಿದೆ. ಅವರೇ ಈಗ "ಅಮ್ಮ ಬಂದಾಳ" ಎಂದು ದಿನವೂ ಬೇವಿನ ಸೊಪ್ಪು, ಮೊಸರನ್ನ ತಂದು ಬಾಗಿಲಾಚೆ ಇಟ್ಟು, ಕೈಮುಗಿದು ಹೋಗುತ್ತಾರೆ. ಅವರ ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ.

ಕಿಟಕಿಯ ಮೇಲಿನ ಅರ್ಧ ತೆಗೆಸಿದರೂ ಸಾಕು. ನಿಮ್ಮ ತಾಯಿಯವರು ಬಾವಿಗೆ ನೀರಿಗೆ ಬರುವ ಹೊತ್ತಿಗೆ ಮುಚ್ಚಿಕೊಳ್ಳುತ್ತೇವೆ. ಮೊಳೆಗಳನ್ನು ಡಬ್ಬಿಯಲ್ಲಿ ಎತ್ತಿಡುತ್ತೇನೆ, ಆಮೇಲೆ ಅವನ್ನೇ ಹೊಡೆಸಬಹುದು. ನಾನೇ ಕೀಳಬಹುದಿತ್ತು. ಆದರೆ ಊರಲ್ಲಿ ನಾನು ಕೇಳಿದವರಲ್ಲಿ ನಮ್ಮ ಮಕ್ಕಳಿಗೆ ಜಾಗ ಕೊಟ್ಟವರು ನೀವೊಬ್ಬರೇ.

ಆ ಕಿಟಕಿಯ ಕೆಳಗೆ ಮಲಗುತ್ತಿದ್ದ ಗಿಡ್ಡಮ್ಮ ಮೊನ್ನೆ ತೀರಿಕೊಂಡಳು. ಅಲ್ಲಿ ಈಗ ಯಾರೂ ಚಾಪೆ ಹಾಸುತ್ತಿಲ್ಲ. ಕೋಣೆಯಲ್ಲಿ ಗಾಳಿ ಸುಳಿಯುವುದು ಬಾಗಿಲ ಬಳಿ ಮಾತ್ರ, ಅಲ್ಲಿ ಮೂವರಿಗಷ್ಟೇ ಜಾಗ. ನಿಮ್ಮ ಉತ್ತರ ಬರುವ ತನಕ, ಆ ಮೂವರು ಯಾರೆಂದು ದಿನಾ ಸಂಜೆ ನಾನೇ ಹೇಳಬೇಕು.

ಇಂತಿ,
ಹಂಪಮ್ಮ