ಗೌರವ್ವನ ಉಡಿ ಸೋರಲಿಲ್ಲ

ದೊಡ್ಡವ್ವಾ,

ಗೌರಿ ಹಬ್ಬ ಹತ್ತಿರ ಬಂದಾಗ ನೀನು ಗೌರವ್ವನ ಮೂರ್ತಿಗೆ ಸೂಳೆಕೆರೆಯ ಮಣ್ಣು ತಂದು ನಾದಲು ಕೂರುತ್ತಿದ್ದೆ, ನಾನು ನಿನ್ನ ಎದುರಿಗೆ. "ಗೌರವ್ವಗೆ ವಯಸ್ಸೆಷ್ಟು?" ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. "ನಿಮ್ಮವ್ವನಷ್ಟು," ಅಂದಿದ್ದೆ ನೀನು. ಅವ್ವನ ಕೂದಲು ನರೆತ ಮೇಲೂ ಕೇಳಿದೆ. "ಹೇಳಿಲ್ಲೇನು, ನಿಮ್ಮವ್ವನಷ್ಟು." ಆದರೆ ನಿನ್ನ ಕೈಯಲ್ಲಿ ಮೂಡುವ ಮುಖ ಮಾತ್ರ ಹೊಸ ಮದುವಣಗಿತ್ತಿಯದೇ ಆಗಿರುತ್ತಿತ್ತು. ಅದು ನಿನಗೆ ಗೊತ್ತಿತ್ತೋ, ಅಥವಾ ನಿನ್ನ ಕಣ್ಣಿಗೆ ಅವ್ವ ಕೊನೆಯವರೆಗೂ…

ಮೂಲೆಯ ಮಡಕೆಯನ್ನು ನೀನು ತೆರೆಯುತ್ತಿದ್ದ ಗಳಿಗೆಗಾಗಿ ನಾನು ಕಾಯುತ್ತಿದ್ದೆ. ಹೋದ ವರ್ಷದ ಗೌರವ್ವನನ್ನು ನೀರಿಗೆ ಬಿಡುವ ಮೊದಲು ತೆಗೆದಿಟ್ಟ ಒಂದು ಹಿಡಿ ಮಣ್ಣು ಅದರಲ್ಲಿ, ಒದ್ದೆ ಬಟ್ಟೆಯೊಳಗೆ. ಅದನ್ನು ಹೊಸ ಮಣ್ಣಿಗೆ ಕಲಸುತ್ತಾ, "ಹಾಲಿಗೆ ಹೆಪ್ಪು ಹಾಕಲ್ಲೇನು, ಹಂಗೆ," ಅನ್ನುತ್ತಿದ್ದೆ. ಹಾಗಾದರೆ ಒಬ್ಬ ಗೌರವ್ವನೊಳಗೆ ಎಷ್ಟು ಗೌರವ್ವರಿದ್ದರು? ಮೊದಲ ಹಿಡಿ ಎಲ್ಲಿಂದ ಬಂತು? ಕೇಳಬೇಕು ಅಂದುಕೊಂಡಿದ್ದೆ.

ಈ ವರ್ಷ ಹೊನ್ನಾಳಿಯಿಂದ ನಿನ್ನ ಮನೆಗೆ ಬಂದು ಮಡಕೆ ತೆರೆದರೆ ಖಾಲಿ. ನೀನು ತೀರಿಹೋದ ಮೇಲೆ ಮನೆ ಒಪ್ಪ ಮಾಡಿದವಳು ಪಕ್ಕದ ಮನೆಯ ರುದ್ರವ್ವ.

"ಹಸಿ ಮಣ್ಣು ಯಾಕೆ ಕೆಡಬೇಕು ಅಂತ ತುಳಸಿಕಟ್ಟೆಗೆ ಮೆತ್ತಿದೆ ಕಣವ್ವ," ಅಂದಳು.

"ಅದು ಹೆಪ್ಪು, ರುದ್ರವ್ವ."

ಅವಳು ತುಳಸಿಕಟ್ಟೆಯ ಕಡೆ ತಿರುಗಿ ನೋಡಿದಳು. ಆಮೇಲೆ, "ಬಿಟ್ಟಿದ್ದೆಲ್ಲ ಕೆರೆಯಾಗೇ ಐತಲ್ಲ. ಬಿಡೋ ಜಾಗದಿಂದಲೇ ತಗಂಡು ಬಾ. ನೀನು ಮಾಡಲಿಲ್ಲಾಂದ್ರೆ ನಮ್ಮ ಕೇರಿಯೋರು ಚನ್ನಗಿರಿಯಿಂದ ಬಣ್ಣದ ಗೌರವ್ವನ್ನ ತರ್ತಾರೆ. ಒಂದು ಸಲ ತಂದ್ರೆ ಮುಗೀತು, ಇನ್ನು ಈ ಮನೆಗೆ ಯಾರೂ ಬರಲ್ಲ," ಅಂದಳು.

ಅಲ್ಲಿಂದಲೇ ಮಣ್ಣು ತಂದು ನಾದಿ, ನಿನ್ನ ಹಾಗೆ ಮೊಣಕೈ ಊರಿ ಗೌರವ್ವನ ಮಡಿಲು ಒತ್ತಿದೆ. ಮಕ್ಕಳಿಲ್ಲದ ನೀನು ಅಷ್ಟು ಆಳದ ಮಡಿಲನ್ನು ಯಾವ ಅಳತೆಯಿಂದ ಮಾಡುತ್ತಿದ್ದೆ? ಮಡಿಲೇನೋ ಬಂತು. ಮಣ್ಣು ಒಣಗಿದಾಗ ಮುಖ ಬಿರುಕು ಬಿಟ್ಟಿತು: ಕಣ್ಣಿನ ಕೊನೆಯಲ್ಲಿ, ತುಟಿಯ ಎರಡೂ ಬದಿ, ಹಣೆಯ ಮೇಲೆ. ತೆಳು ಮಣ್ಣು ಸವರಲು ಬೆರಳು ಅದ್ದಿದೆ. ನೋಡಿದೆ. ಸವರಲಿಲ್ಲ. ಆ ಮುಖ ನನಗೆ ಪರಿಚಯದ್ದು ಅನ್ನಿಸಿತು.

ಹಬ್ಬದ ದಿನ ಉಡಿ ತುಂಬಲು ಬಂದ ಹೆಂಗಸರು ಬಾಗಿಲಲ್ಲೇ ನಿಂತರು.

"ಭಿನ್ನ ಆದದ್ದಕ್ಕೆ ಪೂಜೆ ಮಾಡ್ತಾರೇನ್ರೀ?" ಅಂದಳು ಒಬ್ಬಳು.

"ಓದಿದೋಳು ಮಾಡಿದ್ರೆ ಹಿಂಗೇ," ಇನ್ನೊಬ್ಬಳು.

ತಟ್ಟೆಗಳು ಕೈಯಲ್ಲೇ ಉಳಿದವು. ರುದ್ರವ್ವ ಎಲ್ಲರನ್ನೂ ಸರಿಸಿ ಮುಂದೆ ಬಂದು ಕೂತಳು. "ಮುಖ ಬಿರುಕು ಬಿಟ್ರೆ ಏನಾತು? ನನ್ನ ಮುಖ ನೋಡ್ರಿ. ಉಡಿ ಸೋರಿದ್ರೆ ಭಿನ್ನ," ಅಂದು ಸೇರಕ್ಕಿಯನ್ನೆಲ್ಲ ಗೌರವ್ವನ ಮಡಿಲಿಗೆ ಸುರಿದಳು. ಎಲ್ಲರೂ ಬಗ್ಗಿ ಮಣೆಯ ಮೇಲೆ ನೋಡಿದರು. ನಾನೂ ಬಗ್ಗಿದೆ.

ಒಂದು ಕಾಳೂ ಕೆಳಗೆ ಬೀಳಲಿಲ್ಲ, ದೊಡ್ಡವ್ವ.

"ನಮ್ಮ ಜೊತೆ ಇದ್ದೂ ಇದ್ದೂ ಇವಳಿಗೂ ವಯಸ್ಸಾಗೇತಿ," ಅಂದಳು ರುದ್ರವ್ವ, ತೆಂಗಿನಕಾಯಿ ಇಡುತ್ತಾ. ಯಾರೋ ನಕ್ಕರು. ಭಿನ್ನ ಅಂದವಳೇ ಮುಂದಿನ ತಟ್ಟೆ ತಂದಳು.

ಗೌರವ್ವನನ್ನು ಬಿಡಲು ಕೆರೆಯ ದಂಡೆಗೆ ಹೋದಾಗ, ನೀನು ಅವಳ ಮೈಯ ಯಾವ ಭಾಗದಿಂದ ಆ ಹಿಡಿ ತೆಗೆಯುತ್ತಿದ್ದೆ ಎಂದು ನೆನಪಾಗಲಿಲ್ಲ. ನೀನು ಯಾವಾಗಲೂ ನಮಗೆ ಬೆನ್ನು ಮಾಡಿರುತ್ತಿದ್ದೆ. ನಾನು ಮಡಿಲಿನಿಂದ ತೆಗೆದೆ. ಎರಡು ಅಕ್ಕಿಕಾಳೂ ಅಂಟಿಕೊಂಡು ಬಂದವು, ಬಿಡಿಸಲಿಲ್ಲ. ಈಗ ಅದು ನಿನ್ನ ಮಡಕೆಯಲ್ಲೇ, ಹೊನ್ನಾಳಿಯ ನನ್ನ ಅಡುಗೆಮನೆಯಲ್ಲಿದೆ. ದಿನಾ ಬೆಳಿಗ್ಗೆ ಬಟ್ಟೆ ಒದ್ದೆ ಮಾಡುತ್ತೇನೆ.

ಹಾಂ, ಅವತ್ತು ಕೆರೆಯ ದಂಡೆಯಲ್ಲಿ ರುದ್ರವ್ವನ ಮೊಮ್ಮಗಳು ನನ್ನ ಸೆರಗೆಳೆದು ಕೇಳಿದಳು, ಗೌರವ್ವಗೆ ವಯಸ್ಸೆಷ್ಟು ಅಂತ. "ನಮ್ಮ ದೊಡ್ಡವ್ವನಷ್ಟು," ಅಂದೆ.