ಹೊಗೆಯೊಳಗಿನ ಹಂತಿ ಪದ

ಮುಂಡರಗಿ
೧೪ ಮಾರ್ಚ್ ೨೦೨೪, ಗುರುವಾರ

ಪ್ರೀತಿಯ ಅತ್ತೆಯವರಿಗೆ, ಸೊಸೆ ವಾಣಿಶ್ರೀಯ ಶರಣು.

ನಿಮ್ಮ ಸೊಂಟನೋವು ಹೇಗಿದೆ? ಲಕ್ಷ್ಮೇಶ್ವರದ ನೀರು ಒಗ್ಗಿತೇ? ಶಾಂಭವಿ ಹೊಟ್ಟೆ ತುಂಬ ಉಣ್ಣುತ್ತಾಳೋ, ಅಥವಾ ನಮ್ಮ ಮನೆಯಲ್ಲಿದ್ದಾಗಿನ ಹಾಗೆ ಅರ್ಧ ರೊಟ್ಟಿಗೇ ಕೈ ತೊಳೆಯುತ್ತಾಳೋ? ಡಾಕ್ಟರು ಪ್ರಯಾಣ ಬೇಡವೆಂದದ್ದರಿಂದ ಮಗಳ ಬಾಣಂತನಕ್ಕೆ ನೀವೇ ಅವಳ ಗಂಡನ ಮನೆಗೆ ಹೋಗಬೇಕಾಯಿತು. ನೀವಿಲ್ಲದ ಅಡುಗೆಮನೆಯಲ್ಲಿ ನನಗೆ ಇನ್ನೂ ಉಪ್ಪಿನ ಅಂದಾಜು ಸಿಕ್ಕಿಲ್ಲ. ಮಾವನವರು ಏನೂ ಅನ್ನದೆ ಉಂಡು ಏಳುತ್ತಾರೆ, ನನಗೆ ಅದೇ ಹೆದರಿಕೆ. ರವಿವಾರದ ಸುದ್ದಿಯನ್ನು ಫೋನಿನಲ್ಲಿ ಪೂರ್ತಿ ಹೇಳಲಿಲ್ಲ, ಎಲ್ಲರೂ ಕ್ಷೇಮ ಎಂದಷ್ಟೇ ಹೇಳಿದೆ. "ಫೋನ್ ಇಟ್ಟ ಕೂಡ್ಲೇ ಮಾತು ಹಾರಿ ಹೋಗತಾವ, ಬರದು ಕಳಸವಾ, ಮ್ಯಾಲಿಂದ ಮ್ಯಾಲೆ ಓದ್ತೀನಿ" ಎಂದು ನೀವೇ ಹೇಳಿದ್ದಿರಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಮೊದಲೇ ಹೇಳುತ್ತೇನೆ, ಎಲ್ಲರೂ ಖರೆಯಾಗಿಯೂ ಕ್ಷೇಮ. ಗಾಬರಿಯಾಗದೆ ಓದಿ.

ಎರಡು ವರ್ಷದಿಂದ ನಿಮ್ಮ ಮಗ ರವಿವಾರ ಬಂದರೆ ಗುದ್ದಲಿ ಹಿಡಿದು ಕಪ್ಪತಗುಡ್ಡಕ್ಕೆ ಹೋಗುವುದನ್ನು ನೋಡಿ ನೀವೂ ಬೈದಿದ್ದೀರಿ. ಅವರ ಗೆಳೆಯ ರಫೀಕ ಗ್ಯಾರೇಜಿಗೆ ಬೀಗ ಹಾಕಿ ಬರುತ್ತಾನೆ, ಸುತ್ತಲ ಊರುಗಳಿಂದ ಹುಡುಗ ಹುಡುಗಿಯರು ಬರುತ್ತಾರೆ, ಅರಣ್ಯ ಕಾವಲುಗಾರ ಹೊಳೆಯಪ್ಪ ಮುಂದೆ ನಡೆಯುತ್ತಾನೆ. ಲಂಟಾನದ ಕಂಟಿ ಕಿತ್ತು ಗುಡ್ಡದ್ದೇ ಆದ ಗಿಡಗಳನ್ನು ಹಚ್ಚುವುದು, ಮಳೆನೀರು ಓಡಿಹೋಗದಂತೆ ಇಳಿಜಾರಿಗೆ ಕಲ್ಲಿನ ಒಡ್ಡು ಹಾಕುವುದು ಅವರ ಕೆಲಸ. ಗುಡ್ಡದ ಮೈಮೇಲೆ ಬಿದ್ದ ಮಳೆಯೇ ಕೆಳಗಿನ ಕೆರೆಗೂ ಬಾವಿಗಳಿಗೂ ಇಳಿದು ಬರುವುದು. ಮಾವನವರು ಮಾತ್ರ ಗೊಬ್ಬರದ ಅಂಗಡಿಯ ಗಾದಿಯ ಮೇಲೆ ಕೂತು, "ಗುಡ್ಡ ತನ್ನ ಪಾಡಿಗೆ ತಾ ಐತಿ, ಅದಕ್ಕ ನೀವೇನ್ ಚಾಕರಿ ಮಾಡ್ತೀರಿ?" ಎನ್ನುತ್ತಿದ್ದರು.

ಇನ್ನಷ್ಟು ಜನ ಕೈಜೋಡಿಸಲಿ ಎಂದು ಈ ರವಿವಾರ ಗುಡ್ಡದ ಬುಡದಲ್ಲಿ, ಜೋಳ ಕೊಯ್ದಾದ ಹೊಲದಲ್ಲಿ ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದರು. ಶಿರಹಟ್ಟಿಯಿಂದ ಡೊಳ್ಳಿನ ಮೇಳ, ಆಮೇಲೆ ಹೆಣ್ಣುಮಕ್ಕಳ ಸೋಬಾನೆ, ಕೊನೆಗೆ ಎಲ್ಲರಿಗೂ ರೊಟ್ಟಿ ಝುಣಕದ ಊಟ. ರಫೀಕನ ತಾಯಿ ಅಲ್ಮಾಸಬಿಯೂ ನಾನೂ ಸೇರಿ ರೊಟ್ಟಿ ಬಡಿದಿದ್ದೆವು. ಆ ಗಂಟುಗಳನ್ನು ಹೊರಲು ಬೇರೆ ಗಾಡಿ ಸಿಗದೆ ಮಾವನವರನ್ನು ಕೇಳಿಕೊಂಡೆ, ಹಾಗಾಗಿ ಬಂದರು. ಬಂದವರು ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು, ಯಾರದೋ ಮದುವೆಗೆ ತಪ್ಪಿ ಬಂದವರ ಹಾಗೆ ಕೂತುಬಿಟ್ಟರು.

ಬಿಸಿಲು ಇಳಿಯುತ್ತಿತ್ತು. ಡೊಳ್ಳು ಶುರುವಾಗಿ ಕಾಲು ತಾವಾಗಿಯೇ ಕುಣಿಯುವ ಹೊತ್ತಿಗೆ ಹೊಳೆಯಪ್ಪ ಎದ್ದು ನಿಂತು ಗುಡ್ಡದ ಹೆಗಲ ಕಡೆ ನೋಡಿದ. ಅಲ್ಲಿ ಹೊಗೆ ಏಳುತ್ತಿತ್ತು. ಹೇಗೆ ಹತ್ತಿತೋ ಇವತ್ತಿಗೂ ಗೊತ್ತಿಲ್ಲ. ಒಣಗಿದ ಕರಡ ಹುಲ್ಲಿಗೆ ಒಂದು ಕಿಡಿ ಸಾಕು. ಆತ ಆಫೀಸಿಗೆ ಫೋನ್ ಮಾಡಿದ, ಆದರೆ ಬೆಂಕಿ ಆರಿಸುವ ಗಾಡಿ ಆ ಇಳಿಜಾರು ಹತ್ತುವ ಹಾಗಿಲ್ಲ. "ಹಸಿ ಟೊಂಗಿ ಮುರಕೊಳ್ರಿ, ಬಡದು ಆರಸೋಣ" ಎಂದು ಕೂಗಿದ್ದೇ ತಡ, ಅತ್ತೆಯವರೇ, ಹಾಡು ಕೇಳಲು ಬಂದ ಜನವೆಲ್ಲ ಎದ್ದು ನಿಂತಿತು. ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಾವು ಹೆಣ್ಣುಮಕ್ಕಳು ಕೆರೆಯಿಂದ ಗುಡ್ಡದ ಮೊದಲ ಏರಿನವರೆಗೆ ಸಾಲಾಗಿ ನಿಂತು ಕೊಡದಿಂದ ಕೊಡಕ್ಕೆ ನೀರು ದಾಟಿಸಿದೆವು. ಗಂಡಸರು, ಕಾಲೇಜಿನ ಹುಡುಗಿಯರು ಟೊಂಗೆ ಹಿಡಿದು ಮೇಲೆ ಹೋದರು. ನಿಮ್ಮ ಮಗ ಎಲ್ಲರಿಗಿಂತ ಮುಂದೆ. ಡೊಳ್ಳಿನವರು ಬಾರಿಸುವುದನ್ನು ನಿಲ್ಲಿಸಲಿಲ್ಲ, ಆ ಹೊಡೆತಕ್ಕೆ ಸರಿಯಾಗಿ ಮೇಲೆ ಟೊಂಗೆಗಳು ಏಳುತ್ತಿದ್ದವು, ಬೀಳುತ್ತಿದ್ದವು. ಇಷ್ಟು ಜನ ಒಂದೇ ಮೈಯಾಗಿ ಕೆಲಸ ಮಾಡುವುದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಕಣ್ಣಲ್ಲಿ ನೀರು ಬಂದದ್ದು ಹೊಗೆಗೋ ಬೇರೆಯದಕ್ಕೋ ಹೇಳಲಾರೆ.

ಎಳೆಯ ಸಸಿಗಳ ಪಟ್ಟಿಗೆ ಬರುವ ಮೊದಲೇ ಬೆಂಕಿ ನಿಂತಿತು. ಕೆಳಗೆ ನಾವು ಚಪ್ಪಾಳೆ ಹೊಡೆದೆವು. ಅಷ್ಟರಲ್ಲಿ ಗಾಳಿ ತಿರುಗಿತು. ಮೇಲಿದ್ದ ಹೊಗೆಯೆಲ್ಲ ಉರುಳಿ ನಮ್ಮ ಕಡೆಗೇ ಇಳಿಯಿತು, ಸೂರ್ಯನೂ ಮುಳುಗಿದ. ಹತ್ತಿರವಿದ್ದವರು ಕೆಮ್ಮುತ್ತ ಬಂದರು. ಆಚೆ ಮಗ್ಗುಲಿಗೆ ಹೋಗಿದ್ದ ನಿಮ್ಮ ಮಗನ ಗುಂಪು ಮಾತ್ರ ಬರಲಿಲ್ಲ. ಆ ಕಡೆ ಕಾಲುದಾರಿಯ ಪಕ್ಕದಲ್ಲೇ ಆಳವಾದ ಕೊರಕಲು ಇದೆ. ಒಂದು ಹೆಜ್ಜೆ ತಪ್ಪಿದರೆ ಮುಗಿಯಿತು. ಫೋನ್ ಹತ್ತುತ್ತಿಲ್ಲ. ಹೊಳೆಯಪ್ಪನ ಸೀಟಿ ಗಾಳಿಯಲ್ಲಿ ಮುರಿದು ಹೋಗುತ್ತಿತ್ತು. ದಾರಿ ಗೊತ್ತಾಗಲಿ ಎಂದು ಡೊಳ್ಳಿನವರು ಇನ್ನೂ ಜೋರಾಗಿ ಬಾರಿಸಿದರು. ಆಗ ಕುರ್ಚಿಯಿಂದ ಎದ್ದು ಬಂದವರು ಮಾವನವರು.

"ಡೊಳ್ಳ ನಿಲ್ಲಸ್ರಿ! ಗುಡ್ಡದಾಗ ಅದು ನಾಕೂ ಕಡಿಯಿಂದ ಬಂದಂಗ ಕೇಳತೈತಿ. ದಾರಿ ತಪ್ಪಸತೈತಿ."

ಎಲ್ಲರೂ ನಿಲ್ಲಿಸಿದರು. ಅವರು ಚಪ್ಪಲಿ ಬಿಟ್ಟು, ಧೋತರ ಎತ್ತಿ ಕಟ್ಟಿ, ಕಾಲುದಾರಿ ಶುರುವಾಗುವ ಬಂಡೆಯ ಮೇಲೆ ಹತ್ತಿ ನಿಂತರು. ಒಂದು ಕೈ ಕಿವಿಗೆ ಹಚ್ಚಿದರು. ನಾನು ಕೂಗುತ್ತಾರೆ ಅಂದುಕೊಂಡೆ. ಹಾಡಿದರು, ಅತ್ತೆಯವರೇ! ಎತ್ತುಗಳು ಕಣದ ಸುತ್ತ ತಿರುಗಿ ರಾಶಿ ತುಳಿಯುವಾಗ ಹಾಡುವ ಹಂತಿ ಪದ. ಒಂದೊಂದು ನುಡಿಯ ಕೊನೆಗೂ ದನಿಯನ್ನು ಎಳೆದು, ಎಳೆದು, ಇನ್ನು ಉಸಿರಿಲ್ಲ ಅನ್ನುವಾಗಲೂ ಎಳೆದು ಬಿಡುತ್ತಿದ್ದರು. ಅದು ನಮ್ಮ ಮನೆಯಲ್ಲಿ "ಚಾ ಆತೇನು?" ಎಂದು ಮೆಲ್ಲಗೆ ಕೇಳುವ ದನಿಯಲ್ಲ. ಹೊಲಗಳನ್ನು ದಾಟಿ ಹೋಗಲೆಂದೇ ಪಳಗಿದ ದನಿ. ಹೊಗೆಯೊಳಗೆ ದಾರ ಹಾಕಿದ ಹಾಗೆ ಅದು ನೆಟ್ಟಗೆ ಹೋಯಿತು. ನನ್ನ ಮೈಮೇಲಿನ ಕೂದಲು ಎದ್ದು ನಿಂತವು.

ಎಷ್ಟು ಹೊತ್ತೋ. ಮೊದಲು ಇಬ್ಬರು ಹುಡುಗಿಯರು ಕೈ ಹಿಡಿದುಕೊಂಡು ಹೊಗೆಯಿಂದ ಹೊರಗೆ ಬಂದರು. ಆಮೇಲೆ ಒಬ್ಬೊಬ್ಬರೇ, ಮುಖವೆಲ್ಲ ಮಸಿ, ಕಣ್ಣಷ್ಟೇ ಬಿಳಿ. ಮಾವನವರ ಕುತ್ತಿಗೆಯ ನರ ಉಬ್ಬಿತ್ತು, ದನಿ ಒಡೆಯತೊಡಗಿತ್ತು. ಹೊಳೆಯಪ್ಪ ಕೈ ಮುಗಿದು, "ಸಾವ್ಕಾರ್ರ, ನಿಲ್ಲಸಬ್ಯಾಡ್ರಿ, ಇನ್ನೂ ಇಬ್ರು ಬರೂದೈತಿ" ಎಂದ. ಆ ಇಬ್ಬರು ಯಾರೆಂದು ನನಗೂ ಅವರಿಗೂ ಗೊತ್ತಿತ್ತು. ನನ್ನ ಕಡೆ ಒಮ್ಮೆ ನೋಡಿ ಮತ್ತೆ ಎತ್ತರಕ್ಕೆ ಹಾಡಿದರು. ಕೊನೆಗೆ ಕಾಲು ಉಳುಕಿದ ರಫೀಕನನ್ನು ಹೆಗಲಿಗೆ ಹಚ್ಚಿಕೊಂಡು ನಿಮ್ಮ ಮಗ ಇಳಿದು ಬಂದರು. ಬಂಡೆಯ ಮೇಲಿದ್ದವರನ್ನು ನೋಡಿ ನಿಂತಲ್ಲೇ ನಿಂತುಬಿಟ್ಟರು.

"ಅಪ್ಪಾ, ನೀನೇನು? ಯಾರೋ ಕುರುಬ್ರು ಹಾಡಾಕತ್ತಾರ ಅಂತ ದನಿ ಹಿಡದು ಬಂದ್ವಿ."

ಮಾವನವರು ಬಂಡೆಯಿಂದ ಇಳಿದು, ಮಗನ ಮುಖದ ಮಸಿಯನ್ನು ತಮ್ಮ ಟವೆಲ್ಲಿನಿಂದ ಒರೆಸಿ, ನೀರು ಕೇಳಿದರು. ಅಲ್ಮಾಸಬಿ ತಂಬಿಗೆ ಕೊಡುತ್ತ ಅಳುತ್ತಲೇ, "ಅಣ್ಣಾರ, ಇಷ್ಟ ದಿನಾ ಈ ದನಿ ಎಲ್ಲಿ ಇಟ್ಟಿದ್ರಿ?" ಎಂದಳು. ಅವರು ನೀರು ಕುಡಿದು ಮುಗಿಸಿ, "ಹುಟ್ಟಿದೂರು ಹರ್ತ್ಯಾಗ ಅಪ್ಪನ ಜೋಡಿ ಹಾಡತಿದ್ನಿ. ಕಣಾನ ಇಲ್ಲದಂಗ ಆದ್ವು, ಮಿಷನ್ ಬಂತು. ಅಂಗಡ್ಯಾಗ ಯಾರ ಮುಂದ ಹಾಡ್ಲವಾ?" ಎಂದರು.

ಆ ಸಂಜೆ ಯಾರೂ ಮನೆಗೆ ಓಡಲಿಲ್ಲ. ಮಸಿ ಕೈಯಲ್ಲೇ ರೊಟ್ಟಿ ಮುರಿದು ಉಂಡರು. ಗುಡ್ಡದ ಒಂದು ಮಗ್ಗುಲು ಕಪ್ಪಾಗಿದೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ಸಸಿಗಳು ಉಳಿದವು, ಒಡ್ಡುಗಳು ಉಳಿದವು, ಒಬ್ಬರ ಜೀವಕ್ಕೂ ಏನೂ ಆಗಲಿಲ್ಲ. ಮುಂದಿನ ರವಿವಾರ ಕೆಲಸಕ್ಕೆ ಬರುತ್ತೇವೆಂದು ಹೆಸರು ಹೇಳಿ ಹೋದವರು ಎಷ್ಟು ಜನ! ಮರುದಿನ ಬೆಳಿಗ್ಗೆ ಮಾವನವರು ಅಂಗಡಿಯ ಬೀಗದ ಕೈಯನ್ನು ಆಳಿಗೆ ಕೊಟ್ಟು ಮಗನ ಬೈಕಿನ ಹಿಂದೆ ಕೂತು ಗುಡ್ಡಕ್ಕೆ ಹೋಗಿ ಬಂದರು. ಏನು ನೋಡಿದಿರಿ ಎಂದರೆ, "ಬೂದಿ ಒಳಗ ಬೇರು ಹಸರೈತಿ" ಎಂದರು, ಅಷ್ಟೇ.

ಶಾಂಭವಿಗೆ ನನ್ನ ಅಕ್ಕರೆ, ಕೂಸಿನ ಎರಡೂ ಕೆನ್ನೆಗೆ ನನ್ನ ಮುತ್ತು, ಅಳಿಯಂದಿರಿಗೆ ಶರಣು ಹೇಳಿ. ಅಂಟಿನುಂಡೆ ಕಟ್ಟಿ ಈ ಪತ್ರದ ಜೊತೆ ಕಳಿಸುತ್ತಿದ್ದೇನೆ, ಬಾಣಂತಿಯ ಪಾಲನ್ನು ಅಳಿಯಂದಿರು ತಿನ್ನದ ಹಾಗೆ ನೋಡಿಕೊಳ್ಳಿ. ನಿಮ್ಮ ಪಾದಕ್ಕೆ ಇಲ್ಲಿಂದಲೇ ಹಣೆ ಹಚ್ಚಿದ್ದೇನೆ.

ನಿಮ್ಮ ಸೊಸೆ,
ವಾಣಿಶ್ರೀ

ತಾ.ಕ.: ಮೇಲಿನದನ್ನೆಲ್ಲ ಮಾವನವರು ಓದಿ "ಆತು, ಕಳಸು" ಎಂದು ಅಂಗಡಿಗೆ ಹೋದರು. ಇದನ್ನು ಅವರು ಹೋದ ಮೇಲೆ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಅವರ ಮುಂದೆ ಬಾಯಿ ಬಿಡಬೇಡಿ. ನಿಂತುಹೋದ ಕಾರ್ಯಕ್ರಮವನ್ನು ಹೋಳಿ ಹುಣ್ಣಿಮೆಗೆ ಮುಗಿಸುತ್ತಾರೆ, ಮಾವನವರು ಹಾಡಲು ಒಪ್ಪಿದ್ದಾರೆ. ಇವತ್ತು ನಸುಕಿನಲ್ಲಿ ಹಿತ್ತಲ ಬಾಗಿಲು ಎಳೆದುಕೊಂಡು ಹಾಡಿ ನೋಡಿಕೊಳ್ಳುತ್ತಿದ್ದರು. ನಾನು ಬಾಗಿಲಿಗೆ ಕಿವಿ ಹಚ್ಚಿ ಕೇಳಿದೆ. ಪದದ ನಡುವೆ ನಿಮ್ಮ ಹೆಸರು ಬಂತು, ಅತ್ತೆಯವರೇ. ನಾನು ಮದುವೆಯಾಗಿ ಬಂದಾಗಿನಿಂದ "ಏ, ಕೇಳಿಲ್ಲಿ" ಎಂದು ಕರೆದದ್ದಷ್ಟೇ ಕೇಳಿದ್ದೇನೆ. ಇವತ್ತು ಕಸ್ತೂರಿ ಎಂದರು. ಒಮ್ಮೆ ಅಂದು, ಮತ್ತೆ ಅದೇ ಹೆಸರನ್ನು ಆ ಉದ್ದದ ದನಿಯಲ್ಲಿ ಎಳೆದರು. ಎರಡು ದಿನಕ್ಕಾದರೂ ಬರ್ರಿ. ಮುಂದಿನ ಸಾಲಿನಲ್ಲಿ ಕುಂಡ್ರಿ.