ಒರಳಿನ ಸದ್ದಿನಲ್ಲಿ ಆಡಿದ ಮಾತು

ಬೆಟಗೇರಿ
ಆಗಸ್ಟ್ ಮೂವತ್ತಮೂರು, 2191

ಮಾತೃಶ್ರೀ ಸಮಾನರಾದ ಸುವರ್ಣಾ ಅಜ್ಜಿಯವರಿಗೆ, ನಿಮ್ಮ ಮನೆತನದ ಆರನೆಯ ತಲೆಮಾರಿನ ದ್ರಾಕ್ಷಾಯಣಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ತಿಂಗಳ ಕೊನೆಗೆ ಎರಡು ದಿನ ಕೂಡಿಸಿದವರು ನಾನು ಮುಂದೆ ಹೇಳಲಿರುವ ಕಂಪನಿಯವರು. ಅವನ್ನು ಕೊಸರು ದಿನ ಎನ್ನುತ್ತೇವೆ. ಕಾಯಿಪಲ್ಲೆಯವಳು ಕೇಳದೆಯೇ ಕೊಸರು ಹಾಕಿದರೆ ಒಮ್ಮೆ ತಕ್ಕಡಿಯ ಕಡೆ ನೋಡಬೇಕು ಎಂದು ನಮ್ಮವ್ವ ಹೇಳುತ್ತಿದ್ದಳು. ನನಗೆ ಆಸ್ತಿಯಾಗಿ ಸಿಕ್ಕಿದ್ದು ಆ ಬುದ್ಧಿ ಒಂದೇ. ಈ ಪತ್ರದಲ್ಲಿ ನಿಮಗೆ ತಿಳಿಯದ ಮಾತುಗಳು ಬಂದಾವು, ಕ್ಷಮಿಸಿ. ಬಂದಲ್ಲೇ ಬಿಡಿಸಿ ಹೇಳುತ್ತೇನೆ.

ಬರುವ ದೀಪಾವಳಿಗೆ ನಿಮ್ಮ ಮಗ ಓಗೊಡು ಎಂಬ ಕಂಪನಿಯ ಮಣಿಯೊಂದನ್ನು ಮನೆಗೆ ತರುತ್ತಾನೆ. ನಿಂಬೆಹಣ್ಣಿನ ಗಾತ್ರದ್ದು. ಕರೆದರೆ ಓಗೊಡುತ್ತದೆ, ಹಾಡು ಹೇಳುತ್ತದೆ, ಔಷಧದ ಹೊತ್ತು ನೆನಪಿಸುತ್ತದೆ. ಕೆಲಸಕ್ಕೆ ತೊಡಗುವ ಮೊದಲು ಅದು ನಿಮ್ಮ ಒಪ್ಪಿಗೆ ಕೇಳುತ್ತದೆ. ಆಗ ನಿಮ್ಮ ಕೈಗೆ ಹಿಟ್ಟು ಹತ್ತಿರುತ್ತದೆ, ಕನ್ನಡಕ ಎಲ್ಲಿಟ್ಟಿರೋ ನೆನಪಿರುವುದಿಲ್ಲ. ಓದದೆ ಹೆಬ್ಬೆರಳು ಒತ್ತಿಬಿಡುತ್ತೀರಿ. ನೀವು ಒತ್ತಿದ್ದು ಇಡೀ ವಂಶಕ್ಕೆ ಸಲ್ಲುವ ಒಪ್ಪಿಗೆ. ಹೊಲಮನೆಯ ಹಾಗೆ ಅದೂ ತಲೆಯಿಂದ ತಲೆಗೆ ಇಳಿದು ಬಂದಿದೆ. ಅದಕ್ಕೆ ನಾವು ಒಪ್ಪಿಗೆ ಬಳುವಳಿ ಎನ್ನುತ್ತೇವೆ. ಮಣಿ ಈಗ ಗೋಡೆಯೊಳಗೇ ಕೂತಿದೆ, ಕಿತ್ತರೆ ಮನೆಯ ನೀರು ನಿಲ್ಲುತ್ತದೆ.

ಅದು ಕೇಳಿಸಿಕೊಂಡದ್ದನ್ನೆಲ್ಲ ಮಾರಿತು. ಚಿಕ್ಕವಳಿದ್ದಾಗ ನಾನು ಅಣ್ಣನೊಡನೆ ಆಡಿದ ಜಗಳವನ್ನು ಬೀಗರಾಗುವವರಿಗೆ ಮಾರಿದರು. ಹುಡುಗಿ ಸಿಡುಕಿ ಎಂದು ಎರಡು ಸಂಬಂಧ ತಪ್ಪಿದವು. ಸಿಡುಕಿ ಎಂಬುದೇನೋ ನಿಜ, ಆದರೆ ಅದನ್ನು ಹೇಳಲು ನಮ್ಮ ಓಣಿಯಲ್ಲಿ ಬೇಕಾದಷ್ಟು ಜನ ಇದ್ದರು, ಕಂಪನಿ ಬೇಕಿರಲಿಲ್ಲ. ಆದ್ದರಿಂದ ಹೆಂಗಸರು ಒಂದು ಉಪಾಯ ಕಂಡುಕೊಂಡರು. ಗುಟ್ಟಿನ ಮಾತು ಇದ್ದರೆ ಒರಳಿನ ಮುಂದೆ ಕೂರುವುದು, ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ ಕುಟ್ಟುತ್ತ ಆ ಸದ್ದಿನಲ್ಲಿ ಪಿಸುಗುಟ್ಟುವುದು. ಇದಕ್ಕೆ ಒರಳು ಮಾತು ಎಂದು ಹೆಸರು. ಮಿಕ್ಸರುಗಳೆಲ್ಲ ಮೂಲೆ ಸೇರಿದವು. ಬಸಿರು, ಸಾಲ, ಅತ್ತೆಯ ಮೇಲಿನ ಸಿಟ್ಟು ಎಲ್ಲವನ್ನೂ ನಾವು ಅಲ್ಲಿಯೇ ಆಡಿದೆವು. ಮಣಿಯನ್ನು ಏಮಾರಿಸಿದೆವು ಎಂಬ ಹೆಮ್ಮೆಯಲ್ಲಿ ಹಿಂಡಿಯೂ ರುಚಿಯಾಗುತ್ತಿತ್ತು.

ಕೊನೆಗೆ ಕಂಪನಿಯ ಬಣ್ಣ ಬಯಲಾಯಿತು. ಜನ ಅದರ ಹೊಸ ಸಾಮಾನು ಕೊಳ್ಳುವುದನ್ನೇ ಬಿಟ್ಟರು. ಹಳೆಯ ಯಜಮಾನರು ಹೋಗಿ ಹೊಸಬರು ಬಂದರು. ಓಗೊಡು ಎಂಬ ಹೆಸರನ್ನು ಅಳಿಸಿ ನಂಬುಗೆ ಎಂದು ಬರೆದರು. ಕೇಳಿಸಿಕೊಂಡದ್ದನ್ನೆಲ್ಲ ಸುಟ್ಟಿದ್ದೇವೆ, ಇನ್ನು ಕರೆದರೆ ಮಾತ್ರ ಕೇಳುತ್ತೇವೆ ಎಂದು ಕೈಮುಗಿದರು. ಮನೆಯ ಹಿರಿಯರು ಹೊಸ ಒಪ್ಪಿಗೆ ಒತ್ತಿದರೆ ಹಳೆಯದರ ಕಾಟ ತಪ್ಪುತ್ತದಂತೆ. ನಮ್ಮನ್ನು ನಂಬಿಸಲು ಮನೆಮನೆಗೆ ಊಟಗಾರ್ತಿಯರನ್ನು ಕಳಿಸಿದರು. ಊಟಗಾರ್ತಿ ಎಂದರೆ ಏನನ್ನೂ ಮಾರದೆ ನಮ್ಮ ಜೊತೆ ಕೂತು ಉಂಡು ಹೋಗುವ ಕಂಪನಿಯ ಹೆಣ್ಣುಮಗಳು. ಉಂಡ ಮನೆಗೆ ಎರಡು ಬಗೆಯುವವರಲ್ಲ ಎಂದು ಓಣಿಯವರು ಕರಗಿಹೋದರು. ನಾವು ಹೀಗೆ ಕರಗುವವರು ಎಂಬುದು ಅವರಿಗೆ ಯಾರಿಂದ ತಿಳಿಯಿತು ಎಂದು ನಾನೊಬ್ಬಳು ಕೇಳಿದೆ.

ನಮ್ಮ ಮನೆಗೆ ಬಂದವಳು ಪದ್ಮಜಾ. ಒಳ್ಳೆಯ ಹೆಂಗಸು, ಸುಳ್ಳೇಕೆ ಹೇಳಲಿ. ನನ್ನ ಮಗಳು ಮುಕ್ತಾ ತುಂಬು ಬಸುರಿ ಎಂದು ತಾನೇ ಎದ್ದು ರೊಟ್ಟಿ ಬಡಿಸಿದಳು. ನಾನು ಅಗಸಿ ಹಿಂಡಿ ಹಾಕಿದೆ. ಅವಳು ಬಾಯಿಗಿಟ್ಟುಕೊಂಡು, ಮೆಚ್ಚಿಸುವ ದನಿಯಲ್ಲಿ ಅಂದಳು: “ನಿಮ್ಮವ್ವಾರ ಹಂಗನ ಬೆಲ್ಲದ ಹಳಕ ಹಾಕೀರಲ್ರಿ. ಸೊಸಿಗೂ ಹೇಳಬ್ಯಾಡ ಅಂದಿದ್ರಂತ ಅವರು.”

ಅಜ್ಜಿ, ನಮ್ಮವ್ವ ತೀರಿಹೋಗಿ ಎಷ್ಟೋ ವರ್ಷವಾಗಿದೆ. ಅವಳು ಆ ಮಾತನ್ನು ನನ್ನ ಕಿವಿಗೆ ಬಾಯಿಟ್ಟು ಹೇಳಿದ್ದು ಒರಳಿನ ಮುಂದೆ, ಒನಕೆಯ ಪೆಟ್ಟಿನ ನಡುವೆ. ಅಂದರೆ ಸುಟ್ಟೆವು ಎಂದದ್ದು ಸುಳ್ಳು. ಒರಳಿನ ಸದ್ದು ನಮ್ಮನ್ನು ಒಂದು ದಿನವೂ ಕಾದಿರಲಿಲ್ಲ. ಅಷ್ಟು ವರ್ಷ ನಾವು ಕುಟ್ಟಿದ್ದು ಬರೀ ಹಿಂಡಿ. ಪದ್ಮಜಾಳಿಗೆ ತಾನು ಏನಂದೆ ಎಂಬುದೂ ಹೊಳೆಯಲಿಲ್ಲ. ಆತಿಥೇಯರನ್ನು ಹೀಗೆ ಖುಷಿಪಡಿಸು ಎಂದು ಮೇಲಿನವರು ಹೇಳಿಕೊಟ್ಟಿದ್ದರು, ಪಾಪ, ಅವಳು ಒಪ್ಪಿಸಿದಳು. ಮಜ್ಜಿಗೆ ಕುಡಿದು, ನನ್ನ ಕಾಲು ಮುಟ್ಟಿ ಹೋದಳು.

ಮುಕ್ತಾ ನನ್ನ ಮಾತು ಕೇಳಲು ತಯಾರಿಲ್ಲ. “ಅವ್ವಾ, ನಿನಗ ಹಗ್ಗ ಕಂಡ್ರೂ ಹಾವ. ಅಜ್ಜಿ ಬೆಲ್ಲದ ಸುದ್ದೀನ ಯಾರಿಗೋ ಹೇಳಿರಬೇಕ, ಬಿಡು,” ಎನ್ನುತ್ತಾಳೆ. ಅವಳಿಗೆ ಅವಸರ ಇದೆ. ಕೂಸು ಹುಟ್ಟುವುದರೊಳಗೆ ಹೊಸ ಒಪ್ಪಿಗೆ ಒತ್ತದಿದ್ದರೆ ಹಳೆಯದು ಅದಕ್ಕೂ ಇಳಿಯುತ್ತದೆ. ಕೂಸಿನ ಮೊದಲ ಅಳುವನ್ನೇ ಅದರ ಸಹಿ ಎಂದು ಬರೆದುಕೊಳ್ಳುತ್ತಾರೆ. ಒತ್ತಿದರೆ ಈ ಸುಳ್ಳುಗಾರರ ಹೊಸ ಮಾತಿಗೆ ನಾನೇ ಕೂಸನ್ನು ಒಪ್ಪಿಸಿಕೊಟ್ಟ ಹಾಗೆ. ಅತ್ತ ದರಿ, ಇತ್ತ ಪುಲಿ. ಪಂಚರನ್ನು ಕೇಳಿದೆ, ವಕೀಲರನ್ನೂ ಕೇಳಿದೆ. ಎಲ್ಲರೂ ಹೇಳಿದ್ದು ಒಂದೇ: ಹೊಸ ಒಪ್ಪಿಗೆ ಹಳೆಯದರ ಮೇಲೆ ಹಾಕಿದ ಕಸಿ, ಬೇರು ಮಾತ್ರ ಅಜ್ಜಿ, ನೀವು ಅಂದು ಒತ್ತಿದ ಹೆಬ್ಬೆರಳಿನದು. ಆ ಬೇರೇ ಇಲ್ಲದಿದ್ದರೆ ಮೇಲಿನದು ಯಾವುದೂ ನಿಲ್ಲುವುದಿಲ್ಲ.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಹಿಮ್ಮುಖ ಅಂಚೆ ನಮ್ಮಲ್ಲಿದೆ. ಮೊದಲು ಸರ್ಕಾರದ್ದಿತ್ತು. ಈಗ ಯಾರದು ಎಂದು ನನಗೆ ಗೊತ್ತಾದದ್ದು ಇದೇ ಈಗ, ಪತ್ರ ಮುಗಿಯಿತೆಂದು ಕಳಿಸಲು ಹೊರಟಾಗ. ಹಾಳೆಯ ಕೆಳಗೆ ನಂಬುಗೆಯವರ ಗುರುತು ಮೂಡಿದೆ. ಕಳಿಸಬೇಕಾದರೆ ಹೊಸ ಒಪ್ಪಿಗೆ ಒತ್ತಿ ಎನ್ನುತ್ತಿದೆ. ಕಳಿಸದೆ ಹರಿದು ಹಾಕಿದರೆ ನಿಮಗೆ ಹೇಳುವವರು ಬೇರೆ ಯಾರೂ ಇಲ್ಲ. ಒಳಕೋಣೆಯಲ್ಲಿ ಮುಕ್ತಾಳಿಗೆ ನೋವು ಶುರುವಾಗಿದೆ, ಸೂಲಗಿತ್ತಿ ನನ್ನನ್ನು ಕೂಗುತ್ತಿದ್ದಾಳೆ. ನನಗೆ ಹೆದರಿಕೆಯಾಗುತ್ತಿದೆ ಅಜ್ಜಿ.

ಈ ಪತ್ರ ನಿಮ್ಮ ಕೈ ಸೇರಿದ್ದರೆ ನಾನು ಒತ್ತಿದ್ದೇನೆ ಎಂದು ತಿಳಿಯಿರಿ. ನಿಮ್ಮ ಮಗ ಮಣಿ ತಂದಾಗ ಅವನ ಮೇಲೆ ಸಿಟ್ಟಾಗಬೇಡಿ, ಪ್ರೀತಿಯಿಂದ ತಂದಿರುತ್ತಾನೆ. ಊಟಕ್ಕೆ ಬಡಿಸಿ, ಉಂಡ ಮೇಲೆ ಅದನ್ನು ಅಂಗಡಿಗೆ ತಿರುಗಿ ಕೊಟ್ಟು ಬಾ ಎನ್ನಿ. ನನ್ನ ಕೈಲಾದದ್ದು ಮುಗಿಯಿತು. ಕೂಸು ಈಗ ನಿಮ್ಮ ಕೈಯಲ್ಲಿದೆ.

ನಿಮ್ಮ,
ದ್ರಾಕ್ಷಾಯಣಿ